ತೊಟ್ಟಿಯ ಬಿರಡೆ

ಮೇಷ್ಟ್ರ ಸ್ಟೂಲು ಎಂದು ಹೇಳಿ ಅದರ ಸುತ್ತ ಕೆಂಪು ಹಗ್ಗ ಕಟ್ಟಿದ ದಿನವೇ ಮಣ್ಣಕ್ಕನಿಗೆ ಗೊತ್ತಾಗಿಹೋಗಿತ್ತು, ಈ ಜನ ಇದ್ದಬದ್ದದ್ದನ್ನೆಲ್ಲ ಕೆಡಿಸದೆ ಬಿಡುವುದಿಲ್ಲ ಎಂದು. ಅಲ್ಲ, ಮೇಷ್ಟ್ರು ಆ ಸ್ಟೂಲಿನ ಮೇಲೆ ಕೂತದ್ದಾದರೂ ಯಾವತ್ತು? ಸೊಂಟ ಹಿಡಿದುಕೊಳ್ಳುತ್ತದೆ ಎಂದು ಆ ಮನುಷ್ಯ ಜೀವಮಾನವಿಡೀ ನಿಂತೇ ಕೆಲಸ ಮಾಡಿದವರು. ಅದರ ಮೇಲೆ ಕೂತು ಕೂತು, ನಡುವೆ ತಗ್ಗು ಬೀಳುವ ಹಾಗೆ ಸವೆಸಿದವಳು ಮಣ್ಣಕ್ಕ. ಮೂವತ್ತೊಂದು ವರ್ಷ ಸವೆಸಿದ್ದಳು. ಈಗ ಆ ತಗ್ಗಿನ ಮುಂದೆ ಹಿತ್ತಾಳೆಯ ಫಲಕ: ‘ಕಲಾವಿದರ ಆಸನ. ದಯವಿಟ್ಟು ಮುಟ್ಟಬೇಡಿ.’ ನೋಡಲು ಬಂದವರು ಕೈಕಟ್ಟಿ ನಿಂತು, ತಲೆ ವಾಲಿಸಿ, ‘ಎಂಥ ಸರಳ ಜೀವನ’ ಎಂದು ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರು ಯಾರ ಕುಂಡಿಯ ಗುರುತಿಗೆ ಸಲ್ಲುತ್ತಿದೆ ಎಂದು ಪಾಪ ಅವರಿಗೇನು ಗೊತ್ತು?

ಮಣ್ಣಕ್ಕ ಎಂಬುದು ಅವಳ ನಿಜವಾದ ಹೆಸರಲ್ಲ. ಮೇಷ್ಟ್ರು ಮಣ್ಣಿನ ಶಿಲ್ಪಿ, ಅವಳು ಅವರಿಗೆ ಮಣ್ಣು ಹದಮಾಡಿ ಕೊಡುವವಳು. ಕಲಿಯಲು ಬಂದವರ ಬಾಯಲ್ಲಿ ಮಣ್ಣಕ್ಕ ಆದಳು. ಕಲ್ಲು ಆರಿಸುವುದು, ತುಳಿಯುವುದು, ನಾದುವುದು, ಒದ್ದೆ ಗೋಣಿ ಹೊದಿಸುವುದು, ಎಲ್ಲ ಅವಳದೇ. ಕೊನೆಯ ಎಂಟು ವರ್ಷ ಮೇಷ್ಟ್ರ ಕೈ ನಡುಗಲು ಶುರುವಾದಾಗ ಪಾಠವೂ ಅವಳದೇ ಆಗಿತ್ತು. ಮೇಷ್ಟ್ರು ಕಿಟಕಿ ಪಕ್ಕ ನಿಂತು ನೋಡುತ್ತಿದ್ದರು, ತಪ್ಪಾದರೆ ಕೆಮ್ಮುತ್ತಿದ್ದರು. ಆ ಎಂಟು ವರ್ಷದಲ್ಲಿ ಅವರು ಅವಳನ್ನು ನೋಡಿ ಕೆಮ್ಮಿದ್ದು ನಾಲ್ಕೇ ನಾಲ್ಕು ಸಲ.

ಆ ಕೆಲಸದ ಮನೆಯ ಜೀವ ಇದ್ದದ್ದು ಹಿತ್ತಲ ತೊಟ್ಟಿಯಲ್ಲಿ. ಮಂಡಿಯೆತ್ತರದ ಕಟ್ಟೆ, ಎಂಟಡಿ ಉದ್ದ, ಆರಡಿ ಅಗಲ, ತಳದ ಒಂದು ಮೂಲೆಯಲ್ಲಿ ನೀರು ಹೋಗಲು ತೂತು, ತೂತಿಗೆ ಬಟ್ಟೆ ಸುತ್ತಿದ ಮರದ ಬಿರಡೆ. ತೊಟ್ಟಿಯೊಳಗೆ ಐವತ್ತು ವರ್ಷದ ಮಣ್ಣು. ಮೇಷ್ಟ್ರು ಕಸುಬು ಕಲಿತು ಮುಗಿಸಿ ಹೊರಟಾಗ ಅವರ ಗುರು ಎರಡು ಬಕೆಟ್ ಮಣ್ಣು ಕೊಟ್ಟು ಕಳಿಸಿದ್ದರಂತೆ, ಅದೇ ಅಡಿಪಾಯ. ಅಲ್ಲಿಂದಾಚೆ ಕಲಿಯಲು ಬಂದ ಪ್ರತಿಯೊಬ್ಬರೂ ತಮ್ಮ ಮನೆಯ ಹತ್ತಿರದಿಂದ ಒಂದು ಹಿಡಿ ಮಣ್ಣು ತಂದು ಅದಕ್ಕೆ ಸೇರಿಸಬೇಕಿತ್ತು. ಫೀಸು ಗೀಸು ಎಂಬುದೆಲ್ಲ ಆಮೇಲಿನ ಮಾತು. ಹಳೆಯದಾದಷ್ಟೂ ಮಣ್ಣು ಬೆಣ್ಣೆಯಾಗುತ್ತದೆ. ಬೆರಳಿಗೆ ಹತ್ತಿದರೆ ಬಿಡಿಸಿಕೊಳ್ಳಲು ಮನಸ್ಸೇ ಬರದಂಥ ಮಣ್ಣು ಅದು.

ಮೇಷ್ಟ್ರ ಪಾಠ ಎರಡೇ. ಮೊದಲ ದಿನದ್ದು ಗಾಜಿನ ಲೋಟದ ಪಾಠ. ಒಣಗಿ ಕಲ್ಲಾದ ಮಣ್ಣಿನ ಉಂಡೆಯೊಂದನ್ನು ಲೋಟದ ನೀರಿಗೆ ಹಾಕಿ, ‘ನೋಡಿ’ ಎನ್ನುತ್ತಿದ್ದರು. ಉಂಡೆ ಚುಸ್ ಎಂದು ಗುಳ್ಳೆ ಬಿಟ್ಟು, ಪದರ ಪದರವಾಗಿ ಬಿಚ್ಚಿಕೊಂಡು, ಅರ್ಧ ಗಂಟೆಯಲ್ಲಿ ತಳದಲ್ಲಿ ಕೆಸರಾಗಿ ಮಲಗುತ್ತಿತ್ತು. ಪಕ್ಕದ ಲೋಟದಲ್ಲಿ ಸುಟ್ಟ ಮಣ್ಣಿನ ಚೂರು. ಅದು ಹಾಗೇ ಇರುತ್ತಿತ್ತು, ನೂರು ವರ್ಷ ಬಿಟ್ಟರೂ ಹಾಗೇ. ಬೆಂಕಿ ಕಾಣದ ಮಣ್ಣು ಎಷ್ಟೇ ಗಟ್ಟಿಯಾಗಿ ಕಂಡರೂ ನೀರಿಗೆ ಮತ್ತೆ ಮಣ್ಣಾಗುತ್ತದೆ. ಬೆಂಕಿ ಕಂಡದ್ದು ಇನ್ನೆಂದೂ ಆಗುವುದಿಲ್ಲ. ಆದ್ದರಿಂದ ಸುಡುವ ಮುಂಚೆ ನೂರು ಸಲ ಯೋಚಿಸು. ಎರಡನೆಯ ಪಾಠ ಅದರಿಂದಲೇ ಬಂದದ್ದು. ಮೊದಲ ವರ್ಷ ನೀನು ಏನೇ ಮಾಡಿದರೂ ಸಂಜೆ ನಿನ್ನ ಕೈಯಾರೆ ಮುದ್ದೆ ಮಾಡಿ ತೊಟ್ಟಿಗೆ ಹಾಕಬೇಕು. ಮೇಷ್ಟ್ರು ತಮ್ಮವನ್ನೂ ಬಿಡುತ್ತಿರಲಿಲ್ಲ. ಹತ್ತು ಮಾಡಿದರೆ ಒಂಬತ್ತು ತೊಟ್ಟಿಗೆ. ಹಾಗಾಗಿ ಅಷ್ಟು ದೊಡ್ಡ ಕಲಾವಿದ ಉಳಿಸಿಹೋದದ್ದು ಮೂವತ್ತೆಂಟು ಮೂರ್ತಿ, ಒಂದು ತೊಟ್ಟಿ ಮಣ್ಣು.

ಇದೇ ಮೇಷ್ಟ್ರ ಅಳಿಯನ ತಲೆನೋವಾದದ್ದು.

ಮೇಷ್ಟ್ರು ಬದುಕಿದ್ದಾಗ ಅಳಿಯ ಕೆಲಸದ ಮನೆಗೆ ಕಾಲಿಟ್ಟದ್ದು ಎರಡು ಸಲ. ಎರಡು ಸಲವೂ ಬೂಟಿಗೆ ಮಣ್ಣಾಯಿತೆಂದು ಮುಖ ಹುಳ್ಳಗೆ ಮಾಡಿಕೊಂಡು ಹೋಗಿದ್ದ. ಮಾವ ಕಣ್ಣು ಮುಚ್ಚಿದ್ದೇ ತಡ, ಎಲ್ಲಿತ್ತೋ ಪ್ರೀತಿ, ಉಕ್ಕಿ ಹರಿಯಿತು. ಮೇಷ್ಟ್ರ ಹೆಸರಿನಲ್ಲಿ ಕಲಾ ಶಿಕ್ಷಣ ಪ್ರತಿಷ್ಠಾನ ಹುಟ್ಟಿತು. ಅದಕ್ಕೆ ಅಧ್ಯಕ್ಷ ಅಳಿಯ, ಗೌರವಾಧ್ಯಕ್ಷೆ ಮೇಷ್ಟ್ರ ಮಗಳು. ಅವನ ಬಾಯಲ್ಲಿ ಮೂರು ಮಾತಿಗೊಮ್ಮೆ ‘ಪರಂಪರೆ’. ಕಾಫಿ ಬೇಕು ಎನ್ನುವಾಗಲೂ ಪರಂಪರೆ ಎಲ್ಲಿ ಬರುತ್ತದೋ ಎಂದು ಮಣ್ಣಕ್ಕ ಕಾಯುತ್ತಿದ್ದಳು.

‘ಇಷ್ಟು ದೊಡ್ಡ ಪ್ರತಿಷ್ಠಾನಕ್ಕೆ ಮೂವತ್ತೆಂಟು ಮೂರ್ತಿ ಸಾಕಾಗಲ್ಲ’ ಎಂದು ಅಳಿಯ ಹೇಳಿದ್ದಕ್ಕೆ ಪಟ್ಟಿ ಮಾಡುವವರು ಬಂದರು. ಕೈಗೆ ಬಿಳಿ ಗವಸು ಹಾಕಿಕೊಂಡು, ಕೆಲಸದ ಮನೆಯಲ್ಲಿ ಮಣ್ಣಿನ ಬಣ್ಣದ್ದು ಏನೇ ಕಂಡರೂ ನಂಬರ್ ಅಂಟಿಸಿದರು. ನಲವತ್ತೇಳನೆಯ ನಂಬರಿನ ಚೀಟಿಯಲ್ಲಿ ‘ಅಪೂರ್ಣ ಕೃತಿ, ಕೊನೆಯ ದಿನಗಳು, ಕಲಾವಿದರ ಹೆಬ್ಬೆರಳಿನ ಗುರುತು ಸ್ಪಷ್ಟ’ ಎಂದು ಬರೆದಿತ್ತು. ಅದು ಬಾಗಿಲು ಬಡಿಯದಿರಲಿ ಎಂದು ಮಣ್ಣಕ್ಕ ಅಡ್ಡ ಇಡುತ್ತಿದ್ದ ಮುದ್ದೆ, ಹೆಬ್ಬೆರಳೂ ಅವಳದೇ. ಅಂದಿನಿಂದ ಹೆಬ್ಬೆರಳು ಗಾಜಿನ ಪೆಟ್ಟಿಗೆಯಲ್ಲಿ, ಬಾಗಿಲು ಗಾಳಿಗೆ ಡಬಡಬ.

ಇನ್ನು ಶಿಕ್ಷಣ. ಸಂಜೆಯ ತರಗತಿ ನಿಂತುಹೋಯಿತು, ‘ನವೀಕರಣ ಮುಗಿಯುವ ತನಕ’. ಅದರ ಬದಲಿಗೆ ಬಣ್ಣಬಣ್ಣದ ಪುಸ್ತಿಕೆ ಬಂತು: ‘ಮಣ್ಣಿನೊಂದಿಗೆ ಸಂವಾದ, ಮೂರು ಹಂತದ ಕಾರ್ಯಕ್ರಮ’. ಮೊದಲ ಹಂತದಲ್ಲಿ ಮಣ್ಣಿನ ಬಗ್ಗೆ ವಿಡಿಯೋ. ಎರಡನೆಯದರಲ್ಲಿ ಮಣ್ಣಿನ ಬಗ್ಗೆ ಚರ್ಚೆ. ಮೂರನೆಯದರಲ್ಲಿ ಪ್ರಮಾಣಪತ್ರ. ಏಳು ವರ್ಷದಿಂದ ಡ್ಯೂಟಿ ಮುಗಿಸಿ ನೇರವಾಗಿ ತರಗತಿಗೆ ಬರುತ್ತಿದ್ದ ನರ್ಸು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದಳು:

“ಮಣ್ಣಕ್ಕ, ಇದರಲ್ಲಿ ಕೈಗೆ ಮಣ್ಣು ಹತ್ತೋದು ಯಾವಾಗ?”

“ಹತ್ತಿದ್ರೆ ಪ್ರಮಾಣಪತ್ರ ಕೊಳೆಯಾಗತ್ತಲ್ಲೇ” ಎಂದಳು ಮಣ್ಣಕ್ಕ.

ಇಷ್ಟಾದರೂ ಅವಳು ಹಲ್ಲು ಕಚ್ಚಿ ಸುಮ್ಮನಿದ್ದಳು. ಸ್ಟೂಲು ಹೋಗಲಿ, ಹೆಬ್ಬೆರಳೂ ಹೋಗಲಿ. ತೊಟ್ಟಿ ಇದ್ದರೆ ತರಗತಿ ಇವತ್ತಲ್ಲ ನಾಳೆ ನಡೆಯುತ್ತದೆ. ನವೀಕರಣದವರು ದಣಿದು ಮನೆಗೆ ಹೋದ ಮೇಲಾದರೂ ನಡೆಯುತ್ತದೆ ಎಂದುಕೊಂಡಿದ್ದಳು. ಅಷ್ಟರಲ್ಲಿ ಅವರ ಕಣ್ಣು ತೊಟ್ಟಿಯ ಮೇಲೇ ಬಿತ್ತು.

ಆ ಐಡಿಯಾ ತಂದವನು ನಾಲ್ಕು ತಿಂಗಳು. ಹೌದು, ಅವನನ್ನು ಮಣ್ಣಕ್ಕ ಕರೆಯುತ್ತಿದ್ದದ್ದೇ ಹಾಗೆ. ಇಪ್ಪತ್ತೆರಡು ವರ್ಷದ ಹಿಂದೆ ಮೇಷ್ಟ್ರ ಬಳಿ ನಾಲ್ಕು ತಿಂಗಳು ಕಲಿತು, ‘ಮಾಡಿದ್ದನ್ನ ಮುರಿಯೋಕೆ ನಾನೇನು ಹುಚ್ಚನಾ’ ಎಂದು ಬಿಟ್ಟು ಹೋದವನು. ಆಮೇಲೆ ಫೈಬರ್‌ಗ್ಲಾಸಿನಲ್ಲಿ ಹಾರುವ ಕುದುರೆ, ಹಾರುವ ಹಕ್ಕಿ, ಕಡೆಗೆ ಹಾರುವ ಆನೆಯನ್ನೂ ಮಾಡಿ, ಹೋಟೆಲುಗಳ ಮುಂದೆ ನಿಲ್ಲಿಸಿ ಹೆಸರು ಮಾಡಿದ್ದ. ಸಂದರ್ಶನಗಳಲ್ಲಿ ಮಾತ್ರ ‘ನಾನು ಮೇಷ್ಟ್ರ ಮಾನಸಪುತ್ರ’ ಎನ್ನುತ್ತಿದ್ದ. ಅವನ ಬಗ್ಗೆ ಮಣ್ಣಕ್ಕನಿಗೆ ಇನ್ನೊಂದು ವಿಷಯವೂ ನೆನಪಿತ್ತು. ಗಾಜಿನ ಲೋಟದ ಪಾಠದ ದಿನ ಈ ಮಹಾನುಭಾವ ಬಂದಿರಲಿಲ್ಲ. ಒಂದು ವಾರ ತಡವಾಗಿ ಸೇರಿದ್ದ.

“ಮೇಷ್ಟ್ರ ಮಣ್ಣಿನಿಂದಲೇ ಮೇಷ್ಟ್ರು!” ಎಂದ ನಾಲ್ಕು ತಿಂಗಳು, ಎರಡೂ ಕೈ ಗಾಳಿಯಲ್ಲಿ ಹರಡಿ. “ಐವತ್ತು ವರ್ಷದ ಮಣ್ಣು, ಐದಡಿ ಎತ್ತರದ ತಲೆ. ಈ ತೊಟ್ಟಿಯ ನಡುವೆಯೇ ನಿಲ್ಲಿಸೋಣ. ಉದ್ಘಾಟನೆ ಆದ ಮಾರನೇ ದಿನ ಸುತ್ತ ಇಟ್ಟಿಗೆ ಗೂಡು ಕಟ್ಟಿ ಇಲ್ಲೇ ಸುಡೋಣ. ಶಾಶ್ವತ!”

“ಅದ್ಭುತ” ಎಂದ ಅಳಿಯ. “ಇದು ಪರಂಪರೆ.”

ಮಣ್ಣಕ್ಕ ಕೈಯಲ್ಲಿದ್ದ ಗೋಣಿಯನ್ನು ಅಲ್ಲೇ ಬಿಟ್ಟು ಬಂದಳು.

“ಸಾರ್, ಎಲ್ಲಾ ಮಣ್ಣು ಹಾಕಿಬಿಟ್ರೆ ಪಾಠಕ್ಕೆ ಏನು ಮಾಡೋದು? ಸುಟ್ಟ ಮೇಲೆ ಅದು ವಾಪಸ್ ಬರಲ್ಲ.”

“ಮಣ್ಣು ತಾನೇ ಮಣ್ಣಕ್ಕ? ಒಂದು ಲೋಡ್ ತರಿಸಿಕೊಡ್ತೀನಿ ಬಿಡಿ.”

“ಅದಲ್ಲ ಸಾರ್. ಇಷ್ಟು ದಪ್ಪದ್ದು, ಒಳಗೆ ಟೊಳ್ಳು ಮಾಡದೆ ಸುಟ್ರೆ ಸಿಡಿದುಹೋಗತ್ತೆ. ಒಳಗೆ ಕಬ್ಬಿಣದ ಪೈಪ್ ಬೇರೆ ಇಡ್ತಾರಂತೆ...”

“ಮಣ್ಣಕ್ಕ” ಎಂದ ನಾಲ್ಕು ತಿಂಗಳು, ಚಿಕ್ಕ ಮಗುವಿಗೆ ಹೇಳುವ ಧಾಟಿಯಲ್ಲಿ, “ನೀವು ನಾದಿ ಕೊಡಿ. ಉಳಿದದ್ದು ನಮಗೆ ಬಿಡಿ.”

ನಾದಿ ಕೊಟ್ಟಳು. ಕೊಡದೆ ಏನು ಮಾಡುತ್ತಾಳೆ? ಅವಳು ಕೊಡದಿದ್ದರೆ ಇನ್ನಾರೋ ಕೂಲಿಯವರು ಬಂದು ಆ ಮಣ್ಣನ್ನು ಗುದ್ದಲಿಯಲ್ಲಿ ಬಗೆಯುತ್ತಿದ್ದರು. ಅದನ್ನು ನೋಡುವುದಕ್ಕಿಂತ ತನ್ನ ಕೈಯಲ್ಲೇ ಹೋಗಲಿ ಎಂದು ಹನ್ನೆರಡು ದಿನ ನಾದಿದಳು. ಹನ್ನೆರಡನೆಯ ದಿನ ತೊಟ್ಟಿಯ ತಳ ಕಂಡಿತು. ಮೂವತ್ತೊಂದು ವರ್ಷದಲ್ಲಿ ಅವಳು ಆ ತಳವನ್ನು ಪೂರ್ತಿ ನೋಡಿದ್ದು ಅದೇ ಮೊದಲು. ಪೈಪ್ ನೆಡಲು ಬಂದ ಕೂಲಿಯವರು ಮೂಲೆಯ ಬಿರಡೆಯನ್ನು ಕಿತ್ತು ಕಸದ ಬುಟ್ಟಿಗೆ ಎಸೆದಿದ್ದರು. ಅವಳು ಅದನ್ನು ಎತ್ತಿ, ಒರೆಸಿ, ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಯಾಕೆ ಎಂದು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ.

ತಲೆ ಎದ್ದು ನಿಂತಿತು. ಮೇಷ್ಟ್ರನ್ನು ಕಂಡವರು ಯಾರೂ ಅದು ಮೇಷ್ಟ್ರು ಎನ್ನುವ ಹಾಗಿರಲಿಲ್ಲ. ಆ ಬಡಕಲು ಮನುಷ್ಯನಿಗೆ ಪೈಲ್ವಾನನ ಕುತ್ತಿಗೆ, ಯಾವಾಗಲೂ ಸೀನುವ ಮೂಗಿಗೆ ಹದ್ದಿನ ಕೊಕ್ಕು, ದೂರದಲ್ಲೇನೋ ಭವಿಷ್ಯ ಕಾಣುತ್ತಿರುವ ದೃಷ್ಟಿ. ಮೇಷ್ಟ್ರಿಗೆ ಹತ್ತು ಅಡಿಯಾಚೆ ಏನೂ ಕಾಣುತ್ತಿರಲಿಲ್ಲ, ಕನ್ನಡಕ ಹಾಕಿದರೂ. ಐದು ತಿಂಗಳು ಬಿಸಿಲಿನಲ್ಲಿ ಒಣಗಿ ಬೆಳ್ಳಗಾಗಿ, ಹಣೆಯಿಂದ ಗದ್ದದವರೆಗೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಒಳಗಿನ ಕಬ್ಬಿಣದ ಪೈಪು ಕುಗ್ಗಲಿಲ್ಲ, ಹೊರಗಿನ ಮಣ್ಣು ಕುಗ್ಗಿತು, ಬಿರುಕು ಬಿಡದೆ ಇನ್ನೇನು? ನಾಲ್ಕು ತಿಂಗಳು ಬಂದು, ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಇವು ಅನುಭವದ ಗೆರೆಗಳು’ ಎಂದ. ಅಳಿಯ ಅದನ್ನು ಬರೆದುಕೊಂಡ.

ಉದ್ಘಾಟನೆಗೆ ಎರಡು ವಾರ ಇದೆ ಎನ್ನುವಾಗ ಮಣ್ಣಕ್ಕ ಮೇಷ್ಟ್ರ ಮಗಳ ಮನೆಗೆ ಹೋದಳು. ಮಗಳು ಅದೇ ಊರಿನಲ್ಲೇ ಇದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಆದರೆ ಕೆಲಸದ ಮನೆಗೆ ಬರುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು, ಆ ಕಾರಣಕ್ಕೆ ಮಣ್ಣಕ್ಕನೇ ಸಾಕ್ಷಿ. ಮಣ್ಣಕ್ಕ ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಏಳು ವರ್ಷದ ಪುಟ್ಟಿ ಒಂದು ಕುದುರೆ ಮಾಡಿದ್ದಳು. ಅಂಗೈಯಷ್ಟು ಕುದುರೆ, ಮೂರು ಕಾಲು ಸರಿಯಾಗಿ, ಒಂದು ಸೊಟ್ಟ. ಸಂಜೆ ಮೇಷ್ಟ್ರು ಎಲ್ಲರಿಗೂ ಹೇಳಿದ ಹಾಗೇ ಅವಳಿಗೂ ಹೇಳಿದರು: ಮುದ್ದೆ ಮಾಡಿ ತೊಟ್ಟಿಗೆ ಹಾಕು, ನಾಳೆ ಇನ್ನೊಂದು ಮಾಡು. ಪುಟ್ಟಿ ಹಾಕಿದಳು. ಅತ್ತಳು. ಇನ್ನೊಂದು ಮಾಡಲೇ ಇಲ್ಲ. ಅದಾದ ಮೇಲೂ ತೊಟ್ಟಿಯ ಹಳೆ ನೀರು ಬಿಡುವ ದಿನ ಬಂದು ಬಿರಡೆ ಕೀಳುತ್ತಿದ್ದಳು, ನೀರು ಗುಟುಗುಟು ಹೋಗುವ ಸದ್ದಿಗೆ ನಗುತ್ತಿದ್ದಳು. ಆದರೆ ಮಣ್ಣು ಮಾತ್ರ ಮುಟ್ಟಲಿಲ್ಲ. ದೊಡ್ಡವಳಾದ ಮೇಲೆ ಬರುವುದನ್ನೂ ಬಿಟ್ಟಳು.

“ಪುಟ್ಟಿ, ನೀನೊಂದು ಮಾತು ಹೇಳಿದ್ರೆ ಅಳಿಯಂದ್ರು ಕೇಳ್ತಾರೆ. ಆ ತಲೆನ ಸುಡೋದು ಬೇಡ ಅನ್ನು. ಆ ಮಣ್ಣು ಹೋದ್ರೆ ನಿಮ್ಮಪ್ಪಂದು ಅಂತ ಏನೂ ಉಳಿಯಲ್ಲ.”

ಮಗಳು ಲೋಟದ ಕಾಫಿಯನ್ನು ಆರಿಸುತ್ತಾ ಕೂತಿದ್ದಳು, ಕುಡಿಯುತ್ತಿರಲಿಲ್ಲ.

“ಅಕ್ಕ, ಅಪ್ಪ ಜೀವನಪೂರ್ತಿ ಎಲ್ಲಾನೂ ಮುದ್ದೆ ಮಾಡಿದ್ರು. ನಂದೂ, ಅವರದೂ. ಈ ಪ್ರತಿಷ್ಠಾನಕ್ಕೆ ಸೈನ್ ಮಾಡುವಾಗ ನಾನು ಕೇಳಿದ್ದು ಒಂದೇ ಒಂದು. ಇನ್ಮೇಲೆ ಅಲ್ಲಿ ಯಾರ ಕೈಕೆಲಸಾನೂ ಮುರಿಯಬಾರದು ಅಂತ. ಒಂದಾದ್ರೂ ಉಳೀಲಿ ಬಿಡಿ.”

ಅಳಿಯನನ್ನು ಮನಸ್ಸಿನಲ್ಲೇ ಸಾವಿರ ಸಲ ಬೈದವಳಿಗೆ ಈ ಹುಡುಗಿಯನ್ನು ಬೈಯಲು ಬಾಯಿ ಬರಲಿಲ್ಲ. ಎದ್ದು ಬಂದಳು. ದಾರಿಯುದ್ದಕ್ಕೂ ಸಿಟ್ಟು ಬಂತು, ಮೇಷ್ಟ್ರ ಮೇಲೂ ಬಂತು. ಒಂದು ಕುದುರೆ ಬಿಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು!

ಉದ್ಘಾಟನೆಯ ದಿನ ಬೆಳಗ್ಗೆ ಏಳು ಗಂಟೆಗೆ ಅವಳು ಹೋಗುವಷ್ಟರಲ್ಲಿ ಹಿತ್ತಲು ಮದುವೆ ಮನೆಯಾಗಿತ್ತು. ಕುರ್ಚಿಗಳ ಸಾಲು, ಮೈಕಿನವನ ಹಲೋ ಹಲೋ, ಗೋಡೆಗೆ ಒರಗಿಸಿದ ಇಟ್ಟಿಗೆಯ ರಾಶಿ. ಆ ಇಟ್ಟಿಗೆಯೇ ಮಾರನೆಯ ದಿನದ ಗೂಡು. ತಂದು ಸುರಿಯುವಾಗ ಎದ್ದ ಕೆಂಪು ಧೂಳೆಲ್ಲ ಹೋಗಿ ತಲೆಯ ಮೇಲೆ ಕೂತಿತ್ತು. ಹದ್ದಿನ ಮೂಗು ಕೆಂಪಗೆ, ಹುಬ್ಬು ಕೆಂಪಗೆ, ಭವಿಷ್ಯ ಕಾಣುವ ಕಣ್ಣಿನಲ್ಲಿ ಹಿಡಿ ಧೂಳು.

“ಏನಿದು ಅವತಾರ!” ಎಂದ ಅಳಿಯ, ಹೊಸ ಬೂಟು ಎತ್ತಿ ಎತ್ತಿ ಇಡುತ್ತಾ. “ಹನ್ನೊಂದಕ್ಕೆ ಮುಖ್ಯ ಅತಿಥಿ ಬರ್ತಾರೆ. ಮಣ್ಣಕ್ಕ, ಆ ನೀರಿನ ಪೈಪ್ ಹಿಡಿದು ಚೆನ್ನಾಗಿ ತೊಳೀರಿ ಇದನ್ನ.”

ಮಣ್ಣಕ್ಕ ತನ್ನ ಕಿವಿಯನ್ನೇ ನಂಬಲಿಲ್ಲ.

“ಏನಂದ್ರಿ ಸಾರ್?”

“ತೊಳೀರಿ ಅಂದೆ. ಫಳಫಳ ಅನ್ನಬೇಕು.”

“ನೀರು ಹಾಕಿಯಾ?”

“ಇನ್ನೇನು ಕಾಫಿ ಹಾಕಿ ತೊಳೀತೀರಾ?”

ಕುರ್ಚಿ ಹಾಕುತ್ತಿದ್ದವರು ಕಿಸಕ್ಕೆಂದರು. ಮಣ್ಣಕ್ಕ ನಿಂತಲ್ಲೇ ನಿಂತಳು. ಗಾಜಿನ ಲೋಟದ ಆ ಉಂಡೆ ಕಣ್ಣಮುಂದೆ ಬಂತು. ಮೊದಲ ದಿನ ಬಂದ ಆರು ವರ್ಷದ ಮಕ್ಕಳಿಗೂ ಗೊತ್ತಿದ್ದ ಸಂಗತಿ ಅದು. ಪ್ರತಿಷ್ಠಾನದ ಅಧ್ಯಕ್ಷನಿಗೆ ಗೊತ್ತಿಲ್ಲ! ಆದರೂ ಅವಳ ನಾಲಿಗೆ ಸುಮ್ಮನಿರಲಿಲ್ಲ. ಮೂವತ್ತೊಂದು ವರ್ಷ ನ್ಯಾಯವಾಗಿ ದುಡಿದ ನಾಲಿಗೆ ಅದು.

“ಒಂದ್ಸಲ ಅವರನ್ನ ಕೇಳಿಬಿಡಿ ಸಾರ್. ಮಾಡಿದವರನ್ನ.”

ಅಳಿಯ ಉಸ್ಸೆಂದು ಫೋನು ಹಚ್ಚಿದ. ಫೋನಿನ ಆ ಕಡೆಯಿಂದ ನಾಲ್ಕು ತಿಂಗಳಿನ ದನಿ ಎಲ್ಲರಿಗೂ ಕೇಳುವಷ್ಟು ಜೋರಾಗಿ ಬಂತು: “ತೊಳೀರಿ ತೊಳೀರಿ, ಏನಾಗತ್ತೆ? ಒಣಗಿ ಕಲ್ಲಾಗಿದೆ. ನನ್ನ ಆನೆಗಳನ್ನ ವಾರಕ್ಕೊಂದ್ಸಲ ತೊಳೀತಾರೆ. ನನಗೆ ಶೇವಿಂಗ್ ಮಾಡ್ಕೋಬೇಕು, ಇಡ್ಲಾ?”

“ಕೇಳಿದ್ರಾ?” ಎಂದ ಅಳಿಯ. “ಇನ್ನು ಮೂಗು ತೂರಿಸದೆ ಕೆಲಸ ನೋಡಿ. ತೊಳೆದಾದ ಮೇಲೆ ಸುತ್ತ ಪರದೆ ಎಳೆದುಬಿಡಿ. ಯಾರಿಗೂ ಕಾಣಬಾರದು.”

ಎರಡು ಸಲ ಕೇಳಿದ್ದಾಯಿತು, ಮಾಡಿದವನನ್ನು ಕೇಳಿಸಿದ್ದೂ ಆಯಿತು. ಇನ್ನು ಯಾರೂ ತನ್ನನ್ನು ದೂರುವ ಹಾಗಿಲ್ಲ ಎಂದುಕೊಂಡಳು ಮಣ್ಣಕ್ಕ. ಬೇಕಾದರೆ ಬರೀ ಧೂಳು ಹೋಗುವಷ್ಟು ತುಂತುರು ಹಾಯಿಸಿ ಬಿಡಬಹುದಿತ್ತು. ಒಂದೆರಡು ಕಡೆ ಸಿಪ್ಪೆಯೆದ್ದರೂ ತಲೆ ನಿಲ್ಲುತ್ತಿತ್ತು. ನೀರು ಮೂಲೆಯ ತೂತಿನಿಂದ ಹೊರಟು ಹೋಗುತ್ತಿತ್ತು. ಅವಳು ಇಟ್ಟಿಗೆಯ ರಾಶಿಯನ್ನು ನೋಡಿದಳು. ಆಮೇಲೆ ಏಪ್ರನ್ನಿನ ಜೇಬಿಗೆ ಕೈ ಹಾಕಿದಳು. ಬಿರಡೆ ಬೆಚ್ಚಗಿತ್ತು. ಕಟ್ಟೆ ದಾಟಿ ತೊಟ್ಟಿಗಿಳಿದು, ಮೂಲೆಯಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಬಿರಡೆಗೆ ಹೊಸ ಬಟ್ಟೆ ಸುತ್ತಿ, ತೂತಿಗೆ ಇಟ್ಟು ಹಿಮ್ಮಡಿಯಿಂದ ಒದ್ದಳು. ತೊಳೆಯಲು ಹೇಳಿದ್ದು ಅಳಿಯ. ಇದು ಮಾತ್ರ ಅವಳ ಸ್ವಂತ ಕೆಲಸ.

ಮೊದಲು ನೆತ್ತಿಯ ಬಿರುಕಿಗೆ ನೀರು ಬಿಟ್ಟಳು. ಅದು ಎಷ್ಟು ಕುಡಿಯಿತೆಂದರೆ, ಐದು ತಿಂಗಳ ಬಾಯಾರಿಕೆ! ಒಳಗೆಲ್ಲೋ ಚುಸ್ ಎಂದಿತು. ಧೂಳು ಹೋಯಿತು, ತಲೆ ಕಪ್ಪಗೆ ಫಳಫಳ ಎಂದಿತು. ದೂರದಿಂದ ನೋಡಿದ ಅಳಿಯ ಹೆಬ್ಬೆರಳು ಎತ್ತಿ ತೋರಿಸಿದ. ಅವಳೂ ತೋರಿಸಿದಳು. ಪರದೆ ಎಳೆದು, ನೀರಿನ ಪೈಪಿನ ತುದಿಯನ್ನು ತೊಟ್ಟಿಯಲ್ಲೇ ಬಿಟ್ಟು, ನಲ್ಲಿಯನ್ನು ಇನ್ನೂ ಒಂದು ಸುತ್ತು ಬಿಚ್ಚಿ, ನೀರು ಕಟ್ಟೆಯ ಮಟ್ಟಕ್ಕೆ ಬಂದ ಮೇಲೆ ನಿಲ್ಲಿಸಿ, ಕೈ ತೊಳೆದುಕೊಂಡು ಬಂದು ಕೊನೆಯ ಸಾಲಿನಲ್ಲಿ ನರ್ಸಿನ ಪಕ್ಕ ಕೂತಳು.

“ಯಾಕೆ ಮಣ್ಣಕ್ಕ, ಸೆರಗು ಹೊದ್ಕೊಂಡಿದ್ದು?” ಎಂದಳು ನರ್ಸು.

“ಚಳಿ” ಎಂದಳು, ಬಿಸಿಲಿನಲ್ಲಿ ಕೂತು.

ಹನ್ನೊಂದೂವರೆಗೆ ಕಾರ್ಯಕ್ರಮ ಶುರುವಾಯಿತು. ಅಳಿಯ ಸ್ವಾಗತಿಸಿದ, ಪರಂಪರೆ ಹದಿನೇಳು ಸಲ ಬಂತು, ನರ್ಸು ಎಣಿಸಿದಳು. ನಾಲ್ಕು ತಿಂಗಳು ನುಣ್ಣಗೆ ಶೇವ್ ಮಾಡಿಕೊಂಡು ಬಂದು, ಮೇಷ್ಟ್ರು ತನ್ನ ತಲೆ ನೇವರಿಸಿ ‘ನೀನು ನನ್ನನ್ನು ಮೀರಿಸುತ್ತೀಯ’ ಎಂದ ಪ್ರಸಂಗವನ್ನು ಗದ್ಗದಿತನಾಗಿ ಹೇಳಿದ. ಮೇಷ್ಟ್ರು ಅವನಿಗೆ ಹೇಳಿದ್ದು ‘ಬಾಗಿಲು ಹಾಕಿಕೊಂಡು ಹೋಗು’ ಎಂದು; ಮಣ್ಣಕ್ಕ ಅಲ್ಲೇ ಇದ್ದಳು. ಮೊದಲ ಸಾಲಿನ ತುದಿಯಲ್ಲಿ ಮೇಷ್ಟ್ರ ಮಗಳು, ಮಡಿಲಲ್ಲಿ ಎರಡೂ ಕೈ ಜೋಡಿಸಿ, ಪರದೆಯನ್ನೇ ನೋಡುತ್ತಾ ಕೂತಿದ್ದಳು. ಮಣ್ಣಕ್ಕನಿಗೆ ಆ ಕೂತ ಭಂಗಿ ನೋಡಲಾಗಲಿಲ್ಲ. ‘ಒಂದಾದ್ರೂ ಉಳೀಲಿ’ ಎಂದ ಮಾತು ನೆನಪಾಗಿ, ಕುರ್ಚಿಯನ್ನು ಸ್ವಲ್ಪ ನರ್ಸಿನ ಮರೆಗೆ ಸರಿಸಿಕೊಂಡಳು.

ಮುಖ್ಯ ಅತಿಥಿ ಶಿಕ್ಷಣ ಇಲಾಖೆಯ ನಿವೃತ್ತ ದೊಡ್ಡ ಅಧಿಕಾರಿ. ಮೈಕಿನ ಮುಂದೆ ಬಂದರೆ ವಾಪಸು ಹೋಗುವ ದಾರಿ ಮರೆಯುವ ಜಾತಿ.

“ಕಾಲ ಎಲ್ಲವನ್ನೂ ಕರಗಿಸುತ್ತದೆ” ಎಂದರು ಅವರು. “ಆದರೆ ಮಹಾನ್ ಕಲಾವಿದನನ್ನು ಕರಗಿಸಲು ಕಾಲಕ್ಕೂ ಸಾಧ್ಯವಿಲ್ಲ.”

ಪರದೆಯ ಹಿಂದಿನಿಂದ ಬುಳಕ್ ಎಂದಿತು.

ಅತಿಥಿ ಒಂದು ಕ್ಷಣ ನಿಂತರು. ಮೈಕಿನವನು ಮೈಕನ್ನು ಎರಡು ಸಲ ತಟ್ಟಿದ.

“ಅವರ ಗಾಂಭೀರ್ಯ, ಅವರ ಸ್ಥೈರ್ಯ...”

ಬುಳಕ್. ಬುಳಬುಳ. ಬುಳಕ್.

ನರ್ಸು ಮಣ್ಣಕ್ಕನ ಮುಖ ನೋಡಿದಳು. ಮಣ್ಣಕ್ಕ ಆಕಾಶ ನೋಡಿದಳು. ನರ್ಸಿಗೂ ಲೋಟದ ಪಾಠ ಆಗಿತ್ತಲ್ಲ. ಅವಳ ಕಣ್ಣು ಅಗಲವಾಯಿತು, ಬಾಯಿಗೆ ಕರವಸ್ತ್ರ ತುರುಕಿಕೊಂಡಳು.

ಅತಿಥಿ ಪರದೆಯ ಹಗ್ಗ ಎಳೆದರು. ಚಪ್ಪಾಳೆ ಶುರುವಾಯಿತು, ಮುಂದಿನ ಸಾಲಿನಿಂದಲೇ ನಿಂತಿತು, ಹಿಂದಿನವರು ಏನೂ ಕಾಣದೆ ಇನ್ನಷ್ಟು ಹೊತ್ತು ತಟ್ಟಿದರು. ಮಂಡಿಯೆತ್ತರದ ಕೆಸರುನೀರು. ನಡುವೆ ನೆಟ್ಟಗೆ ನಿಂತ ಕಬ್ಬಿಣದ ಪೈಪು. ಪೈಪಿನ ತುದಿಯಲ್ಲಿ ಒಂದು ಕಿವಿ. ಎಲ್ಲರೂ ನೋಡುತ್ತಿರುವಂತೆಯೇ ಆ ಕಿವಿ ಮೆಲ್ಲಗೆ ಜಾರಿ, ಪೈಪಿನುದ್ದಕ್ಕೂ ಇಳಿದು, ನೀರಿಗೆ ಬಿತ್ತು.

“ಇದು... ಇದು ಸಮಕಾಲೀನ ಪರಿಕಲ್ಪನೆಯೇ?” ಎಂದು ಅತಿಥಿ ಮೈಕಿನಲ್ಲೇ ಕೇಳಿದರು.

ನಾಲ್ಕು ತಿಂಗಳಿನ ಮುಖದಲ್ಲಿ ರಕ್ತವಿರಲಿಲ್ಲ. ಅವನು ಅಳಿಯನ ಕಡೆ ತಿರುಗಿ, “ನೀರು ಹಾಕೋಕೆ ಯಾರ್ರೀ ಹೇಳಿದ್ದು?” ಎಂದ. ಅಳಿಯ ಬಾಯಿ ತೆರೆದ. ಫೋನಿನ ಮಾತು ಕುರ್ಚಿ ಹಾಕುವವರವರೆಗೂ ಎಲ್ಲರಿಗೂ ಕೇಳಿಸಿದ್ದು ನೆನಪಾಗಿ ಮುಚ್ಚಿದ. ಆಮೇಲೆ ಸಿಟ್ಟೆಲ್ಲ ಹೋಗಬೇಕಾದ ಕಡೆ ಹೋಯಿತು.

“ಮಣ್ಣಕ್ಕ! ಏನ್ ಮಾಡಿದ್ದೀರಿ ನೀವು?”

“ತೊಳೆದೆ ಸಾರ್.”

“ನೀರು ಯಾಕೆ ನಿಂತಿದೆ? ನೀರು ಬಿಡಿ ಹೊರಗೆ! ಮಣ್ಣು ಇನ್ನೂ ಗಟ್ಟಿ ಇರತ್ತೆ, ಎತ್ತಿ ಮತ್ತೆ ಮೆತ್ತೋಣ, ನಾಳೆನೇ ಸುಟ್ಟುಬಿಡೋಣ. ಬಿರಡೆ ಎಲ್ಲಿದೆ?”

ಮಣ್ಣಕ್ಕ ಮುಂದೆ ಬಂದು, ಚಪ್ಪಲಿ ಬಿಟ್ಟು, ಕಟ್ಟೆ ದಾಟಿ ತೊಟ್ಟಿಗಿಳಿದಳು. ಕೆಸರು ಮಂಡಿಯವರೆಗೆ ಬಂತು. ತಣ್ಣಗಿತ್ತು, ನುಣ್ಣಗಿತ್ತು, ಅದೇ ಮಣ್ಣು. ನಡುವೆ ಇನ್ನೂ ಕರಗದ ಹೆಂಟೆಗಳನ್ನು ಹಿಮ್ಮಡಿಯಿಂದ ಹುಡುಕಿ ಹುಡುಕಿ ತುಳಿಯತೊಡಗಿದಳು. ಹದ್ದಿನ ಮೂಗು ಕಾಲಿಗೆ ಸಿಕ್ಕಿತು. ಅದನ್ನು ಸ್ವಲ್ಪ ಜಾಸ್ತಿಯೇ ತುಳಿದಳು. ನರ್ಸು ಕರವಸ್ತ್ರ ಜೇಬಿಗೆ ಹಾಕಿಕೊಂಡು ಎದ್ದು ಬಂದು ತಾನೂ ಇಳಿದಳು.

ಆಗ ಮಗಳು ಕಟ್ಟೆಯ ಹತ್ತಿರ ಬಂದಳು. ಅವಳ ಮುಖದಲ್ಲಿ ಸಿಟ್ಟಿತ್ತೋ ಅಳುವಿತ್ತೋ ಮಣ್ಣಕ್ಕನಿಗೆ ತಿಳಿಯಲಿಲ್ಲ.

“ಬೇಕಂತಲೇ ಮಾಡಿದ್ರಾ, ಅಕ್ಕ?”

ಸುಳ್ಳು ಹೇಳಬಹುದಿತ್ತು. ಅಳಿಯನಿಗಾದರೆ ಹೇಳುತ್ತಿದ್ದಳು.

“ಹೌದು ಪುಟ್ಟಿ. ಬೇಕಂತಲೇ. ನನ್ನನ್ನ ಕೆಲಸದಿಂದ ತೆಗೆದ್ರೂ ಪರವಾಗಿಲ್ಲ. ಆದ್ರೆ ಇದನ್ನ ಸುಡಬೇಡಿ.”

ಮಗಳು ಕೆಸರನ್ನು ನೋಡುತ್ತಾ ನಿಂತಳು. ಹಿಂದೆ ಅಳಿಯ ಕುರ್ಚಿಯವರನ್ನೂ ಮೈಕಿನವನನ್ನೂ ಬಿರಡೆ ಎಲ್ಲಿದೆ ಎಂದು ಗದರುತ್ತಿದ್ದ. ನಾಲ್ಕು ತಿಂಗಳು ಕೋಲಿನಿಂದ ತಪ್ಪು ಮೂಲೆಯಲ್ಲಿ ಕೆದಕುತ್ತಿದ್ದ.

“ನನ್ನ ಕುದುರೆನೂ ಇದರಲ್ಲೇ ಇದ್ಯಾ?” ಎಂದು ಮಗಳು ಕೇಳಿದಳು, ಮಣ್ಣಕ್ಕನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

“ಇನ್ನೆಲ್ಲಿ ಹೋಗತ್ತೆ? ಮೂವತ್ತೊಂದು ವರ್ಷ ನಾದಿದೀನಿ ಅದನ್ನ. ಇದರ ಯಾವ ಹಿಡಿ ತಗೊಂಡ್ರೂ ಅದರಲ್ಲಿ ಅಷ್ಟೋ ಇಷ್ಟೋ ಇದ್ದೇ ಇರತ್ತೆ. ನಾಳೆ ಸುಟ್ಟಿದ್ರೆ ಅದೂ ಹೋಗ್ತಿತ್ತು.”

ಮಗಳು ಶೂ ಬಿಚ್ಚಿ ಕಟ್ಟೆಯ ಮೇಲೆ ಜೋಡಿಸಿಟ್ಟು, ಬಟ್ಟೆ ಎತ್ತಿ ಹಿಡಿದು, ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಇಳಿಸಿದಳು. ಕೆಸರು ಬೆರಳ ಸಂದಿಯಲ್ಲಿ ನುಗ್ಗಿದ್ದಕ್ಕೆ ಅವಳ ಭುಜ ಒಮ್ಮೆ ನಡುಗಿತು. ಕಟ್ಟೆಯಂಚಿಗೇ ಸರಿದು, ಯಾರನ್ನೂ ಕೇಳದೆ, ನೇರವಾಗಿ ಬಲಗಡೆಯ ಮೂಲೆಗೆ ನಡೆದಳು. ಅಲ್ಲಿ ಕಾಲಿನಿಂದ ತಡಕಿದಳು. ಮಣ್ಣಕ್ಕ ತುಳಿಯುವುದನ್ನು ನಿಲ್ಲಿಸಿದಳು. ಈ ಹಿತ್ತಲಲ್ಲಿ ಬಿರಡೆಯ ಜಾಗ ಗೊತ್ತಿದ್ದ ಇನ್ನೊಂದೇ ಜೀವ ಅದು.

“ಸಿಕ್ತಾ?” ಎಂದು ಅಳಿಯ ಕೂಗಿದ. “ನೀನು ಚಿಕ್ಕವಳಿದ್ದಾಗ ಇಲ್ಲೇ ಆಡ್ತಿದ್ದೆಯಲ್ಲ, ಬಿರಡೆ ಎಲ್ಲಿದೆ ಹೇಳು!”

ಮಗಳು ಬಲಗಾಲಿನ ಹಿಮ್ಮಡಿಯನ್ನು ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ನಿಂತಳು.

“ಗೊತ್ತಿಲ್ಲ” ಎಂದಳು.